ಪ್ರಾಣಿಗಳ ದೀರ್ಘನಿದ್ರೆ: ಕರಡಿಯಿಂದ ರೇಷ್ಮೆ ಮೊಟ್ಟೆಯವರೆಗೆ

(ರೇಷ್ಮೆ ಬೆಳೆಗಾರರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ರೇಷ್ಮೆ ಸಾಕುವ ನಿಮಗೆಲ್ಲ ಒಂದು ಸಂಗತಿ ಚೆನ್ನಾಗಿ ಗೊತ್ತು. ನಮ್ಮ ಮೈಸೂರು ತಳಿಯ ಚಿಟ್ಟೆ ಇಟ್ಟ ಮೊಟ್ಟೆಯಿಂದ ಸುಮಾರು ಹತ್ತು ದಿನಕ್ಕೆ ಮರಿ ತಾನಾಗಿಯೇ ಹೊರಬರುತ್ತದೆ. ದ್ವಿತಳಿ ಚಿಟ್ಟೆಯ ಮೊಟ್ಟೆ ಹಾಗಲ್ಲ. ಅದನ್ನು ಅದರ ಪಾಡಿಗೆ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಹಳದಿ ಬಣ್ಣ ಹೋಗಿ ಕಂದಾಗುತ್ತದೆ. ಬಳಿಕ ತಿಂಗಳುಗಟ್ಟಲೆ ಕದಲದೆ ಕುಳಿತುಬಿಡುತ್ತದೆ. ಅದು ಸತ್ತಿಲ್ಲ, ಬೆಳೆಯುತ್ತಲೂ ಇಲ್ಲ. ಅದು ನಿದ್ರಿಸುತ್ತಿದೆ. ಬಿತ್ತನೆ ಕೋಠಿಯಲ್ಲಿ ಅದಕ್ಕೆ ಆಮ್ಲದ ಉಪಚಾರ ಕೊಟ್ಟ ಮೇಲೆಯೇ ಅದು ನಿಮ್ಮ ಮನೆಗೆ ಬರುವುದು.

ಮೊಟ್ಟೆಗೆ ಈ ನಿದ್ರೆ ಏಕೆ? ನಿದ್ರೆಯಲ್ಲಿರುವಾಗ ಅದು ಏನನ್ನು ಉಂಡು ಜೀವ ಹಿಡಿದಿರುತ್ತದೆ? ಮಲಗಿಸುವವರು ಯಾರು, ಎಬ್ಬಿಸುವವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ತಿಳಿದಿದ್ದರೆ ಮೊಟ್ಟೆಯನ್ನು ಹೇಗೆ ನೋಡಿಕೊಳ್ಳಬೇಕೆಂಬುದು ತಾನಾಗಿಯೇ ಅರ್ಥವಾಗುತ್ತದೆ. ಇಂಥ ನಿದ್ರೆ ರೇಷ್ಮೆ ಮೊಟ್ಟೆಯೊಂದರ ಸ್ವತ್ತಲ್ಲ. ಹಿಮ ಬೀಳುವ ನಾಡುಗಳ ಅಳಿಲು, ಕರಡಿಗಳೂ ಹೀಗೆಯೇ ಮಲಗುತ್ತವೆ. ಅವುಗಳ ಬಗ್ಗೆ ವಿಜ್ಞಾನಿಗಳು ಹೆಚ್ಚು ಶೋಧನೆ ನಡೆಸಿರುವುದರಿಂದ ಮೊದಲು ಅವುಗಳ ಕಥೆ ಹೇಳಿ, ಆಮೇಲೆ ನಮ್ಮ ಮೊಟ್ಟೆಗೆ ಬರುತ್ತೇನೆ.

ನಿದ್ರೆಯೆಂದರೆ ಖರ್ಚಿನ ಕಡಿತ

ಅಮೆರಿಕದ ಹುಲ್ಲುಗಾವಲುಗಳಲ್ಲಿ ಹದಿಮೂರು ಪಟ್ಟೆಯ ನೆಲ ಅಳಿಲು ಎಂಬ ಪ್ರಾಣಿಯಿದೆ. ನಮ್ಮ ಮೂರು ಗೆರೆಯ ಅಳಿಲಿನಂತೆ ಅದು ಮರದ ಮೇಲೆ ವಾಸಿಸುವುದಿಲ್ಲ. ನೆಲದಲ್ಲಿ ಬಿಲ ತೋಡಿಕೊಂಡಿರುತ್ತದೆ. ಬೇಸಿಗೆಯ ಕೊನೆಯಲ್ಲಿ ಸಿಕ್ಕಿದ್ದನ್ನೆಲ್ಲ ತಿಂದು ಕೊಬ್ಬುತ್ತದೆ. ಆಗ ಅದರ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುವುದುಂಟು. ಚಳಿ ಆರಂಭವಾಗುತ್ತಲೇ ಬಿಲ ಸೇರಿ ಉಂಡೆಯಂತೆ ಮುದುಡಿ ಮಲಗಿದರೆ ಮತ್ತೆ ಮೇಲೆ ಬರುವುದು ವಸಂತದಲ್ಲಿಯೇ. ನಡುವಿನ ಐದಾರು ತಿಂಗಳು ಅದಕ್ಕೆ ಅನ್ನವೂ ಇಲ್ಲ, ನೀರೂ ಇಲ್ಲ.

ಈ ಅವಧಿಯಲ್ಲಿ ಅದರ ದೇಹದೊಳಗೆ ನಡೆಯುವುದನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. ಎಚ್ಚರವಿದ್ದಾಗ ನಿಮಿಷಕ್ಕೆ 200ಕ್ಕೂ ಹೆಚ್ಚು ಸಲ ಬಡಿಯುವ ಹೃದಯ, ಈಗ ಹತ್ತು ಸಲವೂ ಬಡಿಯುವುದಿಲ್ಲ. 37 ಡಿಗ್ರಿ ಸೆಂಟಿಗ್ರೇಡ್ ಇರುವ ಮೈಶಾಖ ಬಿಲದ ಮಣ್ಣಿನ ಶಾಖಕ್ಕೆ ಸಮೀಪ, ಅಂದರೆ ಐದಾರು ಡಿಗ್ರಿಗೆ ಇಳಿಯುತ್ತದೆ. ಉತ್ತರ ಧ್ರುವದ ಸಮೀಪದ ಅಲಾಸ್ಕದಲ್ಲಿರುವ ಇದರ ದಾಯಾದಿಯ ಮೈಶಾಖ ಶೂನ್ಯಕ್ಕಿಂತಲೂ ಕೆಳಗೆ, ಮೈನಸ್ 2.9 ಡಿಗ್ರಿಯವರೆಗೆ ಇಳಿಯುತ್ತದೆಂದು ಬ್ರಯನ್ ಬಾರ್ನ್ಸ್ ಎಂಬ ವಿಜ್ಞಾನಿ 1989ರಲ್ಲಿ ತೋರಿಸಿಕೊಟ್ಟರು. ಆಹಾರವನ್ನು ದಹಿಸಿ ಶಕ್ತಿ ಪಡೆಯುವ ಕ್ರಿಯೆಗೆ ಚಯಾಪಚಯವೆಂದು ಹೆಸರು. ಗಾಢನಿದ್ರೆಯಲ್ಲಿ ಈ ಅಳಿಲಿನ ಚಯಾಪಚಯ ಮಾಮೂಲಿನ ಶೇಕಡಾ 5ಕ್ಕಿಂತಲೂ ಕೆಳಗಿಳಿಯುತ್ತದೆ. ಬರಗಾಲದಲ್ಲಿ ಜಾಣ ಯಜಮಾನ ಮನೆಖರ್ಚನ್ನು ಬಿಗಿಹಿಡಿಯುವುದಕ್ಕೆ ಇದನ್ನು ಹೋಲಿಸಬಹುದು.

ಆದರೂ ಇದು ಒಂದೇ ಸಮನಾದ ನಿದ್ರೆಯಲ್ಲ. ಒಂದೆರಡು ವಾರಕ್ಕೊಮ್ಮೆ ಅಳಿಲು ಮೈ ಬಿಸಿಮಾಡಿಕೊಂಡು 37 ಡಿಗ್ರಿಗೆ ಮರಳುತ್ತದೆ. ಒಂದು ದಿನದೊಳಗೆ ಮತ್ತೆ ತಣ್ಣಗಾಗಿ ಮಲಗುತ್ತದೆ. ಈ ನಡುವಿನ ಎಚ್ಚರಗಳು ಬಹಳ ದುಬಾರಿ. ಇಡೀ ಚಳಿಗಾಲಕ್ಕೆಂದು ಕೂಡಿಟ್ಟ ಕೊಬ್ಬಿನ ಬಹುಪಾಲು ಕರಗುವುದು ಇವುಗಳಿಗಾಗಿಯೇ. ಅಕಾಲದಲ್ಲಿ ಪದೇ ಪದೇ ಎಬ್ಬಿಸಿದರೆ ದಾಸ್ತಾನು ವಸಂತಕ್ಕೆ ಮುಂಚೆಯೇ ಮುಗಿದು ಪ್ರಾಣಿ ಸಾಯಬಹುದು. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಇದರ ಪ್ರಯೋಜನವಿದೆ.

ಒಲೆಗೆ ಯಾವ ಸೌದೆ?

ದೇಹದ ಒಲೆಗೆ ಮುಖ್ಯವಾಗಿ ಎರಡು ಬಗೆಯ ಸೌದೆ ಉಂಟು. ಒಂದು ಸಕ್ಕರೆ, ಇನ್ನೊಂದು ಕೊಬ್ಬು. ಸಕ್ಕರೆ ಪುರುಳೆಯಂತೆ, ಬೇಗ ಹೊತ್ತಿಕೊಳ್ಳುತ್ತದೆ, ಬೇಗ ಮುಗಿಯುತ್ತದೆ. ಕೊಬ್ಬು ದಪ್ಪ ಕೊರಡಿನಂತೆ. ನಿಧಾನವಾಗಿ ಬಹುಕಾಲ ಉರಿಯುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಕೊಬ್ಬಿನಲ್ಲಿ ಸಕ್ಕರೆಯ ಎರಡು ಪಟ್ಟಿಗಿಂತಲೂ ಹೆಚ್ಚು ಶಕ್ತಿಯಿದೆ. ಬೇಸಿಗೆಯಲ್ಲಿ ಅಳಿಲು ಎರಡನ್ನೂ ಬಳಸುತ್ತದೆ. ಚಳಿಗಾಲದಲ್ಲಿ ಸಕ್ಕರೆಯ ಬಳಕೆಯನ್ನು ಬಹುಮಟ್ಟಿಗೆ ನಿಲ್ಲಿಸಿ ಕೊಬ್ಬನ್ನೇ ಉರಿಸುತ್ತದೆ. ಇದ್ದ ಅಲ್ಪಸ್ವಲ್ಪ ಸಕ್ಕರೆ ಮಿದುಳಿನಂಥ ಅಗತ್ಯ ಅಂಗಗಳಿಗೆ ಮೀಸಲು.

ಈ ಬದಲಾವಣೆಯನ್ನು ಮಾಡಿಸುವುದು ಯಾವುದು? ಅಮೆರಿಕದ ಮ್ಯಾಥ್ಯೂ ಆಂಡ್ರೂಸ್ ಮತ್ತು ಅವರ ಸಂಗಡಿಗರು 1998ರಲ್ಲಿ ಇದಕ್ಕೊಂದು ಮುಖ್ಯ ಸುಳಿವನ್ನು ಕಂಡುಹಿಡಿದರು. ಮಲಗಿದ ಅಳಿಲಿನ ಹೃದಯದಲ್ಲಿ ಎರಡು ಜೀನುಗಳು ಚುರುಕಾಗಿರುವುದು ಅವರ ಗಮನಕ್ಕೆ ಬಂತು. ಜೀನು ಎಂದರೆ ದೇಹಕ್ಕೆ ಬೇಕಾದ ಒಂದೊಂದು ಸಸಾರಜನಕ ವಸ್ತುವನ್ನು ತಯಾರಿಸುವ ಬಗೆಯನ್ನು ಬರೆದಿಟ್ಟ ಅಪ್ಪಣೆ ಚೀಟಿ, ತಂದೆತಾಯಿಗಳಿಂದ ಬಂದದ್ದು.

ಮೊದಲನೆಯ ಜೀನಿಗೆ ಪಿಡಿಕೆ-4 ಎಂದು ಹೆಸರು. ಇದರಿಂದ ತಯಾರಾಗುವ ಕಿಣ್ವವು ಸಕ್ಕರೆಯು ಜೀವಕೋಶದ ಒಲೆಗೆ ಹೋಗುವ ದಾರಿಯನ್ನು ಮುಚ್ಚುತ್ತದೆ. ಕೆರೆಯ ತೂಬನ್ನು ನೀರುಗಂಟಿ ಮುಚ್ಚಿದಂತೆ. ಒಂದು ಕಾಲುವೆ ಮುಚ್ಚಿದರೆ ಕೋಶಕ್ಕೆ ಇನ್ನೊಂದು ಕಾಲುವೆಯೇ ಗತಿ, ಅದು ಕೊಬ್ಬಿನದು. ಎರಡನೆಯ ಜೀನು ಕೊಬ್ಬನ್ನು ಒಡೆಯುವ ಲೈಪೇಸ್ ಎಂಬ ಕಿಣ್ವದ್ದು. ಸಾಮಾನ್ಯವಾಗಿ ಇದು ಮೇದೋಜೀರಕ ಗ್ರಂಥಿಯಲ್ಲಿ ತಯಾರಾಗಿ ಉಂಡ ಜಿಡ್ಡನ್ನು ಅರಗಿಸುತ್ತದೆ. ಈ ಅಳಿಲಿನಲ್ಲಾದರೋ ಅದೇ ಕಿಣ್ವ ಚಳಿಗಾಲದಲ್ಲಿ ಹೃದಯದಲ್ಲಿಯೂ ತಯಾರಾಗುತ್ತದೆ, ಮತ್ತು ತಣ್ಣನೆಯ ಮೈಯಲ್ಲೂ ಕೆಲಸ ಮಾಡುತ್ತದೆ.

ಇನ್ನು ನಿದ್ರೆಯಿಂದ ಏಳುವಾಗ ಮೈ ಬಿಸಿಯಾಗಬೇಕಲ್ಲ? ಅದಕ್ಕಾಗಿ ಭುಜ, ಕತ್ತು, ಎದೆಯ ಸುತ್ತ ಕಂದು ಕೊಬ್ಬು ಎಂಬ ಬೇರೊಂದು ಬಗೆಯ ಕೊಬ್ಬಿರುತ್ತದೆ. ಇದರ ಕೋಶಗಳಲ್ಲಿ ಸುಟ್ಟ ಇಂಧನದ ಶಕ್ತಿ ಬೇರೆ ಕೆಲಸಕ್ಕೆ ಹೋಗದೆ ನೇರವಾಗಿ ಶಾಖವಾಗುತ್ತದೆ. ಯುಸಿಪಿ-1 ಎಂಬ ಸಸಾರಜನಕ ವಸ್ತು ಈ ಕೆಲಸ ಮಾಡಿಸುತ್ತದೆ. ನಮ್ಮ ಎಳೆಗೂಸುಗಳ ಮೈಯಲ್ಲೂ ಇಂಥ ಕೊಬ್ಬು ಇರುತ್ತದೆ.

ಜೀನು ಹೊಸದಲ್ಲ, ಅಪ್ಪಣೆಯ ಕಾಲ ಹೊಸದು

ಪಿಡಿಕೆ-4 ಜೀನು ಅಳಿಲಿಗೆ ಮಾತ್ರ ಸೇರಿದ್ದಲ್ಲ. ಅದು ನಮ್ಮ ದನಕರುಗಳಲ್ಲೂ ಇದೆ, ನಿಮ್ಮಲ್ಲಿಯೂ ನನ್ನಲ್ಲಿಯೂ ಇದೆ. ಒಂದು ಹೊತ್ತು ಉಪವಾಸವಿದ್ದರೆ ಅದು ನಮ್ಮಲ್ಲೂ ಚುರುಕಾಗುತ್ತದೆ. ಆದ್ದರಿಂದ ದೀರ್ಘನಿದ್ರೆಗೆಂದೇ ವಿಶೇಷವಾದ ಜೀನುಗಳ ಗುಂಪೊಂದು ಇದೆಯೆಂದು ತಿಳಿಯಬಾರದು. ಎಲ್ಲ ಸಸ್ತನಿಗಳಲ್ಲಿರುವ ಜೀನುಗಳನ್ನೇ ಇವು ಬೇರೆ ಕಾಲದಲ್ಲಿ, ಬೇರೆ ಪ್ರಮಾಣದಲ್ಲಿ ಬಳಸುತ್ತವೆ. ಕೆರೆ ಅದೇ, ನೀರು ಅದೇ. ತೂಬು ತೆರೆಯುವ ವೇಳಾಪಟ್ಟಿ ಮಾತ್ರ ಬೇರೆ.

2025ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ತಂಡವೊಂದು ಇದೇ ಮಾತಿಗೆ ಇನ್ನಷ್ಟು ಬಲ ಕೊಟ್ಟಿತು. ಮನುಷ್ಯರಲ್ಲಿ ಬೊಜ್ಜಿಗೆ ಸಂಬಂಧಿಸಿದ ಎಫ್‌ಟಿಒ ಎಂಬ ಜೀನಿದೆ. ಅದರ ಆಸುಪಾಸಿನಲ್ಲಿ, ತಾವೇ ಏನನ್ನೂ ತಯಾರಿಸದೆ ನೆರೆಯ ಜೀನುಗಳ ಕೆಲಸವನ್ನು ಹೆಚ್ಚುಕಡಿಮೆ ಮಾಡುವ ತುಣುಕುಗಳಿವೆ. ದೀರ್ಘನಿದ್ರೆಯ ಪ್ರಾಣಿಗಳಲ್ಲಿ ಬದಲಾಗಿರುವುದು ಇಂಥ ತುಣುಕುಗಳೇ. ಪ್ರಯೋಗಶಾಲೆಯ ಇಲಿಗಳಲ್ಲಿ ಇವನ್ನು ತೆಗೆದು ನೋಡಿದಾಗ ಅವುಗಳ ತೂಕದಲ್ಲಿಯೂ ಚಯಾಪಚಯದಲ್ಲಿಯೂ ವ್ಯತ್ಯಾಸ ಕಂಡಿತು. ಅಂದರೆ ಬದಲಾದದ್ದು ಕೆಲಸಗಾರನಲ್ಲ, ಮೇಸ್ತ್ರಿ.

ಚಳಿಯೊಂದೇ ನಿದ್ರೆಗೆ ಕಾರಣವೆಂದು ಭಾವಿಸುವುದೂ ಸರಿಯಲ್ಲ. ಬಂಗಾರದ ಹೊದಿಕೆಯ ನೆಲ ಅಳಿಲು ಎಂಬ ಪ್ರಾಣಿಯನ್ನು ಒಂದೇ ಶಾಖ, ಒಂದೇ ಬೆಳಕಿನಲ್ಲಿ ಇಟ್ಟು ನೋಡಿದ್ದಾರೆ. ಹೊರಗಿನ ಋತು ತಿಳಿಯದಿದ್ದರೂ ಅದು ಸುಮಾರು ವರ್ಷಕ್ಕೊಮ್ಮೆ ಕೊಬ್ಬಿ, ಮಲಗಿ, ಎದ್ದಿತು. ಅದರ ಮೈಯೊಳಗೇ ಒಂದು ಪಂಚಾಂಗವಿದೆ. ಮಡಗಾಸ್ಕರ್ ದ್ವೀಪ ಉಷ್ಣವಲಯದಲ್ಲಿದೆ. ಅಲ್ಲಿಯ ದಪ್ಪ ಬಾಲದ ಪುಟ್ಟ ಲೀಮರ್ ಎಂಬ ಪ್ರಾಣಿ ಮಳೆಯಿಲ್ಲದ ಏಳು ತಿಂಗಳು ಬಾಲದಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸುತ್ತ ಮರದ ಪೊಟರೆಯಲ್ಲಿ ಮಲಗುತ್ತದೆಂದು 2004ರಲ್ಲಿ ಪ್ರಕಟವಾಯಿತು. ಹೀಗೆ ದೀರ್ಘನಿದ್ರೆಯ ಮೂಲೋದ್ದೇಶ ಚಳಿಯಿಂದ ತಪ್ಪಿಸಿಕೊಳ್ಳುವುದಲ್ಲ. ಆಹಾರವಿಲ್ಲದ ಕಾಲವನ್ನು ದಾಟುವುದು.

ಕರಡಿಯ ಮಿತವ್ಯಯ

ನಮ್ಮ ದರೋಜಿಯ ಕರಡಿಗಳು ಹೀಗೆ ಮಲಗುವುದಿಲ್ಲ. ಅವಕ್ಕೆ ವರ್ಷವಿಡೀ ಗೆದ್ದಲು, ಹಣ್ಣು, ಜೇನು ಸಿಗುತ್ತವೆ. ಹಿಮಾಲಯದ ಕಂದು ಕರಡಿ ಮಲಗುತ್ತದೆ. ಅಲಾಸ್ಕದ ಕಪ್ಪು ಕರಡಿ ಐದರಿಂದ ಏಳು ತಿಂಗಳು ಉಣ್ಣದೆ, ಕುಡಿಯದೆ, ಮಲಮೂತ್ರವನ್ನೂ ವಿಸರ್ಜಿಸದೆ ಗುಹೆಯಲ್ಲಿರುತ್ತದೆ. ದೊಡ್ಡ ಮೈಯಾದ್ದರಿಂದ ಅದರ ಶಾಖ 30 ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪ. ಆದರೂ ಚಯಾಪಚಯ ಮಾತ್ರ ಕಾಲು ಭಾಗಕ್ಕೆ ಇಳಿಯುತ್ತದೆಂದು 2011ರ ಅಧ್ಯಯನ ತೋರಿಸಿತು.

ಅಷ್ಟು ಕಾಲ ಮಲಗಿದರೂ ಕರಡಿಯ ಮಾಂಸಖಂಡ ಹೆಚ್ಚು ಸವೆಯುವುದಿಲ್ಲ. ಮೂತ್ರದಲ್ಲಿ ಹೋಗಬೇಕಾದ ಯೂರಿಯಾದ ಸಾರಜನಕವನ್ನು ಅದು ಮತ್ತೆ ದೇಹಕ್ಕೆ ಬಳಸಿಕೊಳ್ಳುತ್ತದೆ. ನೆಲ ಅಳಿಲಿನಲ್ಲಿ ಈ ಕೆಲಸಕ್ಕೆ ಕರುಳಿನ ಸೂಕ್ಷ್ಮಜೀವಿಗಳು ನೆರವಾಗುತ್ತವೆಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ತೋರಿಸಿದರು. ಹಸುವಿನ ಮೆಲುಕುಚೀಲದಲ್ಲಿ ಯೂರಿಯಾ ಸಸಾರಜನಕವಾಗುವುದನ್ನು ಬಲ್ಲ ನಿಮಗೆ ಇದು ಹೊಸದಾಗಿ ಕಾಣಲಾರದು. ಮತ್ತೊಂದು ಸಂಗತಿ: ನಿದ್ರಾಕಾಲದಲ್ಲಿ ಕರಡಿಯ ಮೈ ಇನ್ಸುಲಿನ್ನಿನ ಮಾತು ಕೇಳುವುದಿಲ್ಲ, ವಸಂತದಲ್ಲಿ ಎದ್ದೊಡನೆ ಮತ್ತೆ ಕೇಳುತ್ತದೆ. ನಮ್ಮಲ್ಲಿ ಅದೇ ಸ್ಥಿತಿ ಸಕ್ಕರೆ ಕಾಯಿಲೆಯಾಗಿ ಉಳಿದುಬಿಡುತ್ತದೆ. ಆದ್ದರಿಂದ ವೈದ್ಯ ವಿಜ್ಞಾನಿಗಳೂ ಕರಡಿಯ ಕಡೆಗೆ ಕಣ್ಣಿಟ್ಟಿದ್ದಾರೆ.

ರೇಷ್ಮೆ ಮೊಟ್ಟೆ: ತಾಯಿಯ ತೀರ್ಮಾನ

ಈಗ ನಮ್ಮ ಮೊಟ್ಟೆಗೆ ಬರೋಣ. ಕೀಟಗಳ ಇಂಥ ನಿದ್ರೆಯನ್ನು ಸುಪ್ತಾವಸ್ಥೆ ಎನ್ನುತ್ತಾರೆ. ಅಳಿಲಿನ ನಿದ್ರೆಗೂ ಇದಕ್ಕೂ ವ್ಯತ್ಯಾಸಗಳಿವೆ. ಆದರೆ ಲೆಕ್ಕಾಚಾರ ಒಂದೇ: ಕಷ್ಟಕಾಲದಲ್ಲಿ ಖರ್ಚು ತಗ್ಗಿಸು, ಇಂಧನದ ದಾರಿ ಬದಲಿಸು. ದ್ವಿತಳಿ ಹುಳು ಮೂಲತಃ ಚಳಿದೇಶದ್ದು. ಅಲ್ಲಿ ಚಳಿಗಾಲದಲ್ಲಿ ಹಿಪ್ಪುನೇರಳೆ ಎಲೆ ಉದುರುತ್ತದೆ. ಎಲೆಯಿಲ್ಲದಾಗ ಮರಿ ಹೊರಬಂದರೆ ಸಾವು ಖಚಿತ. ಎಲೆ ಚಿಗುರುವವರೆಗೆ ಮೊಟ್ಟೆಯಲ್ಲಿಯೇ ಮಲಗಿರುವುದು ಕ್ಷೇಮ. ನಮ್ಮ ಮೈಸೂರು ತಳಿಗೆ ವರ್ಷವಿಡೀ ಸೊಪ್ಪು ಸಿಗುವುದರಿಂದ ಈ ನಿದ್ರೆಯ ಅಗತ್ಯ ಬೀಳಲಿಲ್ಲ.

ಮೊಟ್ಟೆ ಮಲಗಬೇಕೇ ಬೇಡವೇ ಎಂಬುದನ್ನು ಗೊತ್ತುಮಾಡುವುದು ಮೊಟ್ಟೆಯಲ್ಲ, ತಾಯಿ. ಅದೂ ತಾಯಿಯು ತಾನೇ ಮೊಟ್ಟೆಯಲ್ಲಿದ್ದಾಗ ಅನುಭವಿಸಿದ ಶಾಖ ಮತ್ತು ಬೆಳಕಿನ ಪ್ರಕಾರ! ದ್ವಿತಳಿ ತಾಯಿಯನ್ನು ಅದರ ಮೊಟ್ಟೆಯ ಹಂತದಲ್ಲಿ 25 ಡಿಗ್ರಿ ಶಾಖ ಮತ್ತು ಬೆಳಕಿನಲ್ಲಿ ಇಟ್ಟಿದ್ದರೆ, ಅದು ಮುಂದೆ ಇಡುವ ಮೊಟ್ಟೆ ಮಲಗುತ್ತದೆ. 15 ಡಿಗ್ರಿಯಲ್ಲಿ, ಕತ್ತಲಲ್ಲಿ ಇಟ್ಟಿದ್ದರೆ ಅದರ ಮೊಟ್ಟೆ ಮಲಗುವುದಿಲ್ಲ. ಈ ಶಾಖವನ್ನು ಗುರುತಿಸುವ ಜೀನನ್ನು ಜಪಾನಿನ ವಿಜ್ಞಾನಿಗಳು 2014ರಲ್ಲಿ ಪತ್ತೆಹಚ್ಚಿದರು.

ತಾಯಿ ಗೂಡಿನೊಳಗೆ ಕೋಶವಾಗಿರುವಾಗ ಅದರ ಅನ್ನನಾಳದ ಕೆಳಗಿರುವ ಪುಟ್ಟ ನರಗಂಟಿನಿಂದ ಒಂದು ಹಾರ್ಮೋನು ಹೊರಬರುತ್ತದೆ. ಇದನ್ನು ಸುಪ್ತಿ ಹಾರ್ಮೋನು ಎನ್ನೋಣ. ಜಪಾನಿನ ಫುಕುದಾ ಮತ್ತು ಹಸೆಗಾವಾ 1951ರಲ್ಲಿ, ಬೇರೆ ಬೇರೆಯಾಗಿ, ಇದರ ಇರುವಿಕೆಯನ್ನು ತೋರಿಸಿದರು. ಹಾರ್ಮೋನು ಅಂಡಾಶಯವನ್ನು ತಲುಪಿದಾಗ ಅಲ್ಲಿ ಟ್ರೆಹಲೇಸ್ ಎಂಬ ಕಿಣ್ವದ ಜೀನು ಚುರುಕಾಗುತ್ತದೆ. ಅದರ ಫಲವಾಗಿ ತಾಯಿಯ ರಕ್ತದಲ್ಲಿರುವ ಸಕ್ಕರೆ ಮೊಟ್ಟೆಯೊಳಗೆ ಸೆಳೆಯಲ್ಪಟ್ಟು ಗ್ಲೈಕೋಜನ್ ಎಂಬ ಪಿಷ್ಟವಾಗಿ ಶೇಖರವಾಗುತ್ತದೆ. ತಾಯಿ ಮಗಳಿಗೆ ಬುತ್ತಿ ಕಟ್ಟಿ ಕಳಿಸಿದಂತೆ.

ಮೊಟ್ಟೆಯಿಟ್ಟ ಸುಮಾರು ಎರಡು ದಿನದ ಹೊತ್ತಿಗೆ ಈ ಬುತ್ತಿಗೆ ಬೀಗ ಬೀಳುತ್ತದೆ. ಗ್ಲೈಕೋಜನ್ ಕರಗಿ ಸಾರ್ಬಿಟಾಲ್ ಮತ್ತು ಗ್ಲಿಸರಾಲ್ ಎಂಬ ವಸ್ತುಗಳಾಗುತ್ತದೆ. ಚಳಿಯಲ್ಲಿ ಮೊಟ್ಟೆ ಕೆಡದಂತೆ ಇವು ಕಾಪಾಡುತ್ತವೆ. ಅಷ್ಟೇ ಅಲ್ಲ, ಸಾರ್ಬಿಟಾಲ್ ಇರುವವರೆಗೆ ಭ್ರೂಣ ಬೆಳೆಯುವುದೂ ಇಲ್ಲವೆಂದು ಜಪಾನಿನಲ್ಲಿ 2000ದಲ್ಲಿ ಪ್ರಯೋಗದಿಂದ ತಿಳಿಯಿತು. ಮೊಟ್ಟೆಯನ್ನು 5 ಡಿಗ್ರಿಯಷ್ಟು ತಂಪಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಮತ್ತೊಂದು ಜೀನು ಎಚ್ಚೆತ್ತು ಸಾರ್ಬಿಟಾಲನ್ನು ಪುನಃ ಗ್ಲೈಕೋಜನ್ ಮಾಡುವ ಕಿಣ್ವವನ್ನು ಒದಗಿಸುತ್ತದೆ. ಬೀಗ ತೆರೆಯುತ್ತದೆ, ಭ್ರೂಣ ಬೆಳೆಯಲು ಸಿದ್ಧವಾಗುತ್ತದೆ. ಚಳಿಗಾಲ ಕಳೆಯಿತೆಂದು ಮೊಟ್ಟೆ ತಿಳಿಯುವುದು ಹೀಗೆ.

ಬಿತ್ತನೆ ಕೋಠಿಯ ಆಮ್ಲೋಪಚಾರದ ಗುಟ್ಟು ಈಗ ತಿಳಿಯಾಗುತ್ತದೆ. ಮೊಟ್ಟೆಯಿಟ್ಟ ಸುಮಾರು 20 ಗಂಟೆಗಳ ಹೊತ್ತಿಗೆ, 1.075 ಸಾಪೇಕ್ಷ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, 46 ಡಿಗ್ರಿ ಶಾಖದಲ್ಲಿ ಐದಾರು ನಿಮಿಷ ಅದ್ದುತ್ತಾರೆ. ಬುತ್ತಿಗೆ ಬೀಗ ಬೀಳುವ ಮೊದಲೇ ಈ ಕೆಲಸ ಆಗಬೇಕು. ತಡವಾದರೆ ಅದೇ ಆಮ್ಲ, ಅದೇ ಶಾಖ ಫಲ ಕೊಡುವುದಿಲ್ಲ. ಗಂಟೆಗಳ ಲೆಕ್ಕ ಅಷ್ಟು ಬಿಗಿಯಾಗಿರುವುದು ಇದಕ್ಕಾಗಿಯೇ.

ಮಿಶ್ರತಳಿಯ ಮೊಟ್ಟೆಗೆ ಆಮ್ಲ ಏಕೆ ಬೇಡವೆಂದು ಹಲವರು ಕೇಳುತ್ತೀರಿ. ಅದರ ತಾಯಿ ಮೈಸೂರು ತಳಿ, ತಂದೆ ದ್ವಿತಳಿ. ಹಾರ್ಮೋನು ಬರುವುದು ತಾಯಿಯ ಮೈಯಿಂದ. ಮೈಸೂರು ತಾಯಿ ನಿದ್ರೆಯ ಅಪ್ಪಣೆ ಕೊಡದಿರುವುದರಿಂದ, ತಂದೆ ಯಾವ ತಳಿಯಾದರೂ ಮೊಟ್ಟೆ ಮಲಗುವುದಿಲ್ಲ.

ಬೆಳೆಗಾರರು ಗಮನಿಸಬೇಕಾದ ಅಂಶಗಳು

ನಿಮ್ಮ ಕೈಸೇರುವ ದ್ವಿತಳಿ ಮೊಟ್ಟೆ ಎಚ್ಚೆತ್ತ ಮೊಟ್ಟೆ. ಅದು ಬುತ್ತಿ ಬಿಚ್ಚಿ ಉಣ್ಣತೊಡಗಿದೆ. ಹೊರಗಿನಿಂದ ಅದಕ್ಕೆ ಮತ್ತೇನೂ ಸಿಗುವುದಿಲ್ಲ. ಮಲಗಿದ ಮೊಟ್ಟೆ ಸಹಿಸುವ ಏರುಪೇರನ್ನು ಎಚ್ಚೆತ್ತ ಮೊಟ್ಟೆ ಸಹಿಸಲಾರದು. ಆದ್ದರಿಂದ ಈ ಕೆಳಗಿನ ವಿಷಯಗಳನ್ನು ತಪ್ಪದೆ ಪಾಲಿಸಬೇಕು.

1. ಮೊಟ್ಟೆಯನ್ನು ಬೆಳಗಿನ ಅಥವಾ ಸಂಜೆಯ ತಂಪು ಹೊತ್ತಿನಲ್ಲಿಯೇ ಸಾಗಿಸಬೇಕು. ಬಿಸಿಲಿನಲ್ಲಿ ನಿಂತ ವಾಹನದೊಳಗೆ ಇಡಬಾರದು. ಗೊಬ್ಬರ, ಕೀಟನಾಶಕ, ಹೊಗೆಸೊಪ್ಪಿನ ಜೊತೆಯಲ್ಲಿ ಒಯ್ಯಬಾರದು.

2. ಮನೆಗೆ ಬಂದ ಮೇಲೆ 25 ಡಿಗ್ರಿ ಶಾಖ, ಶೇಕಡಾ 75ರಿಂದ 85ರಷ್ಟು ತೇವಾಂಶ ಒದಗಿಸಬೇಕು. ಹಗಲು ಹೆಚ್ಚು, ರಾತ್ರಿ ಕಡಿಮೆ ಎಂದು ಶಾಖ ಏರಿಳಿದರೆ ಭ್ರೂಣಗಳು ಒಂದೇ ಸಮನೆ ಬೆಳೆಯುವುದಿಲ್ಲ.

3. ಸೊಪ್ಪು ಸಿದ್ಧವಿಲ್ಲವೆಂದು ಮೊಟ್ಟೆಯನ್ನು ಮನೆಯ ಫ್ರಿಜ್ಜಿನಲ್ಲಿ ಇಟ್ಟು ತಡೆಯಲು ಯತ್ನಿಸಬಾರದು. ಯಾವ ಹಂತದ ಮೊಟ್ಟೆಯನ್ನು ಎಷ್ಟು ದಿನ ತಂಪಿನಲ್ಲಿಡಬಹುದೆಂಬುದು ಬಿತ್ತನೆ ಕೋಠಿಯವರ ಲೆಕ್ಕ. ಸೊಪ್ಪಿನ ಸಮಯ ನೋಡಿಕೊಂಡೇ ಮೊಟ್ಟೆಗೆ ಬೇಡಿಕೆ ಸಲ್ಲಿಸುವುದು ಜಾಣತನ.

4. ಮೊಟ್ಟೆಯ ಮೇಲೆ ಕಪ್ಪು ಚುಕ್ಕೆ ಕಂಡ ಮೇಲೆ, ಮರಿ ಹೊರಬರುವುದಕ್ಕೆ ಎರಡು ದಿನ ಮುಂಚೆ, ಕಪ್ಪು ಕಾಗದ ಅಥವಾ ಬಟ್ಟೆಯಲ್ಲಿ ಸುತ್ತಿ ಕತ್ತಲಲ್ಲಿಡಬೇಕು. ಮರಿಯಾಗುವ ದಿನ ಬೆಳಿಗ್ಗೆ ಬೆಳಕಿಗೆ ಒಡ್ಡಿದರೆ ಬಹುಪಾಲು ಮರಿಗಳು ಒಟ್ಟಿಗೆ ಹೊರಬರುತ್ತವೆ. ಒಟ್ಟಿಗೆ ಬಂದ ಮರಿ ಒಟ್ಟಿಗೆ ಜ್ವರಕ್ಕೆ ಕೂತು ಒಟ್ಟಿಗೆ ಹಣ್ಣಾಗುತ್ತದೆ. ಚಾಕಿಯ ಹಂತದಲ್ಲಿ ಹಿಂದುಮುಂದಾದ ಹುಳು ಗೂಡಿನವರೆಗೂ ಹಿಂದುಮುಂದೇ.

ಹೊಲದಲ್ಲಿ ಮಲಗಿರುವ ಶತ್ರು

ನಿದ್ರೆ ನಮ್ಮ ಮಿತ್ರರಿಗೆ ಮಾತ್ರ ಮೀಸಲಲ್ಲ. ಪಾವಗಡ, ಚಳ್ಳಕೆರೆಯ ಕಡೆ ನೆಲಗಡಲೆ ಬೆಳೆಯುವವರಿಗೆ ಕೆಂಪು ತಲೆ ಕಂಬಳಿಹುಳುವಿನ ಕಾಟ ಗೊತ್ತೇ ಇದೆ. ಗಿಡ ತಿಂದು ಕೊಬ್ಬಿದ ಹುಳು ಬದುಗಳ ಬಳಿ, ಮರದ ನೆರಳಿನಲ್ಲಿ ಮಣ್ಣು ಸೇರಿ ಕೋಶವಾಗುತ್ತದೆ. ನೀವು ಬೆಳೆದ ನೆಲಗಡಲೆಯೇ ಅದರ ಮೈಯಲ್ಲಿ ಕೊಬ್ಬಾಗಿ ಕುಳಿತಿದೆ. ಮುಂದಿನ ವರ್ಷದ ಮುಂಗಾರು ಹದಮಳೆ ಬೀಳುವವರೆಗೆ ಅದನ್ನೇ ಕರಗಿಸುತ್ತ ಮಲಗಿರುತ್ತದೆ. ಮಳೆ ಬಿದ್ದೊಡನೆ ಚಿಟ್ಟೆಯಾಗಿ ಮೇಲೆದ್ದು ಮೊಟ್ಟೆಯಿಡುತ್ತದೆ.

ಮಣ್ಣಿನೊಳಗೆ ಮಲಗಿರುವಾಗಲೇ ಅದು ಅತ್ಯಂತ ನಿಸ್ಸಹಾಯಕ. ಓಡಲಾರದು, ಅಡಗಲಾರದು. ಬೆಳೆ ಕಟಾವಾದ ಮೇಲೆ ಮಾಗಿ ಉಳುಮೆ ಮಾಡಿದರೆ ಕೋಶಗಳು ಮೇಲೆ ಬಿದ್ದು ಬಿಸಿಲಿಗೆ ಒಣಗುತ್ತವೆ, ಹಕ್ಕಿಗಳಿಗೆ ಆಹಾರವಾಗುತ್ತವೆ. ಮೊದಲ ಮಳೆ ಬಿದ್ದ ರಾತ್ರಿಗಳಲ್ಲಿ ದೀಪದ ಬಲೆಯನ್ನಿಟ್ಟು ಅಥವಾ ಬೆಂಕಿ ಹಾಕಿ ಚಿಟ್ಟೆಗಳನ್ನು ಸೆಳೆದು ಕೊಲ್ಲಬಹುದು. ಆದರೆ ಒಬ್ಬರು ಮಾಡಿ ಪಕ್ಕದವರು ಬಿಟ್ಟರೆ ಪ್ರಯೋಜನ ಅಷ್ಟಕ್ಕಷ್ಟೇ. ಊರಿನವರೆಲ್ಲ ಒಂದೇ ಹೊತ್ತಿಗೆ ಕೈಹಾಕಬೇಕು. ಹುಳು ಎದ್ದ ಮೇಲೆ ಔಷಧಿಯ ಅಂಗಡಿಗೆ ಓಡುವುದಕ್ಕಿಂತ ಅದು ಮಲಗಿರುವಾಗ ನೇಗಿಲು ಹೂಡುವುದು ಅಗ್ಗ.

ಮಿತ್ರರೇ, ಅಳಿಲಾಗಲಿ ಮೊಟ್ಟೆಯಾಗಲಿ ಕೋಶವಾಗಲಿ, ಇವುಗಳ ಬದುಕು ನಿಂತಿರುವುದು ಎರಡು ಸಂಗತಿಗಳ ಮೇಲೆ. ಸುಗ್ಗಿಯಲ್ಲಿ ಕೂಡಿಟ್ಟ ದಾಸ್ತಾನು ಎಷ್ಟು ಮತ್ತು ಅದರ ಬಾಗಿಲು ತೆರೆಯುವ ಕಾಲ ಯಾವುದು. ಆ ಕಾಲವನ್ನು ನಾವು ಅರಿತರೆ, ಸಾಕುವ ಜೀವಿಯನ್ನು ಉಳಿಸಿಕೊಳ್ಳಬಹುದು, ಕಾಡುವ ಜೀವಿಯನ್ನು ಅಳಿಸಬಹುದು. ನಿಮ್ಮ ಮುಂದಿನ ಬೆಳೆಗೆ ಮೊಟ್ಟೆ ತರುವ ಮುನ್ನ ಸೊಪ್ಪಿನ ಅಂದಾಜು ಮಾಡಿ, ಕೋಣೆಯಲ್ಲಿ ಒಂದು ಉಷ್ಣಮಾಪಕ ತೂಗುಹಾಕಿ, ಕಪ್ಪು ಬಟ್ಟೆ ಸಿದ್ಧವಾಗಿಟ್ಟುಕೊಳ್ಳಿ. ಸಂದೇಹ ಬಂದರೆ ನಿಮ್ಮ ಹತ್ತಿರದ ರೇಷ್ಮೆ ತಾಂತ್ರಿಕ ಸೇವಾ ಕೇಂದ್ರದವರನ್ನು ಮೊದಲೇ ವಿಚಾರಿಸಿ. ಮರಿ ಹೊರಬಂದ ಮೇಲೆ ವಿಚಾರಿಸಿದರೆ ಹೊತ್ತು ಮೀರಿರುತ್ತದೆ.